ಮುರುಗೇಶಪ್ಪ ಕಾರು ನೋಡಿದ್ದು

ಹಳೇ ಕಾರು ನೋಡಲು ಭಾಮೈದನನ್ನು ಕರೆದೊಯ್ಯುವುದಿಲ್ಲವೆಂದು ಚನ್ನಗಿರಿಯ ಅಡಿಕೆ ವ್ಯಾಪಾರಿ ಮುರುಗೇಶಪ್ಪ ಘೋಷಿಸಿದರು. ಜಗಳೂರಿನ ಈ ಭಾಮೈದ ವಿನಯ್ ಕುಮಾರ್ ಹಳೇ ಕಾರುಗಳನ್ನು ಕೊಂಡು ಮಾರಿ ಪಳಗಿದವನು; ಆ ವಿದ್ಯೆಯನ್ನು ಪ್ರತಿ ಹಬ್ಬದೂಟದಲ್ಲೂ ಹೋಳಿಗೆಯ ಜೊತೆ ಬಡಿಸುವವನು.

"ಅವನು ಬಂದ್ರೆ ನಿಮ್ಮ ಗಂಟೇನು ಹೋಗ್ತೈತೆ?" ಎಂದರು ಹೆಂಡತಿ ಪ್ರಮೀಳಾ.

"ಮೂಟೆ ಅಡಿಕೇನ ಒಂದು ಹಿಡೀಲಿ ಅಳೆಯೋನು ನಾನು. ಕಾರು ಯಾವ ಲೆಕ್ಕ?"

ಹೊನ್ನಾಳಿಯಲ್ಲಿ ಕಾರು ಗೋಡೆಗೆ ಆತು ನಿಂತಿತ್ತು. ಮುರುಗೇಶಪ್ಪ ಅಡಿಕೆ ಧರ್ಮದಂತೆ ಸ್ಯಾಂಪಲ್ ನೋಡಿದರು. ಬಲಗಡೆಯ ಒಂದು ಟೈರು ಒದ್ದರು, ಒಂದು ಬಾಗಿಲು ತೆಗೆದು ಹಾಕಿದರು, ಬಾನೆಟ್ಟಿಗೆ ಬಡಿದು ಕಿವಿಯಿಟ್ಟರು. ಕಚ್ಚಿ ನೋಡುವುದೊಂದು ಬಾಕಿ ಉಳಿಯಿತು. ಮಿಕ್ಕಿದ್ದೂ ಅದೇ ರಾಶಿಯದು ತಾನೆ? ದುಡ್ಡು ಎಣಿಸಿ ಕೊಟ್ಟು, ಹತ್ತಿ ಕೂತು ಮನೆಗೆ ತಂದೇಬಿಟ್ಟರು.

ಮರುದಿನ ಸರ್ವಿಸು. ಆಯಿಲ್ ಬದಲಿಸಿ, ಗಾಳಿ ತುಂಬಿದ್ದು ಗ್ಯಾರೇಜಿನ ಹುಡುಗರು. ತೊಳೆಯುವ ಸೇವೆ ಮಾತ್ರ ತಮ್ಮದೇ ಎಂದು ಪೈಪು ಹಿಡಿದು ಎಡಮಗ್ಗುಲಿಗೆ ಬಂದರೆ, ಅಲ್ಲಿ ಬೇರೊಂದು ಕಾರು ನಿಂತಿತ್ತು. ಬಿಳಿ ಮೈಗೆ ನೀಲಿ ಬಾಗಿಲು, ಅದೂ ತಂತಿಯಲ್ಲಿ ಬಿಗಿದದ್ದು. ಟೈರು ಮುರುಗೇಶಪ್ಪನವರ ನೆತ್ತಿಯಷ್ಟೇ ನುಣುಪು. ಮೂಟೆಯ ಬಾಯಲ್ಲಿ ಒಳ್ಳೇ ಮಾಲು ಇಡುವ ಉಪಾಯ ಅವರಿಗೆ ಹೊಸದಲ್ಲ. ತಮ್ಮ ಮೇಲೇ ಪ್ರಯೋಗವಾದದ್ದು ಹೊಸದು.

ಭಾನುವಾರ ಅತ್ತೆಮನೆಗೆ ಕಾರು ತೋರಿಸಲು ಹೋಗಲೇಬೇಕಿತ್ತು. ವಿನಯ್ ಆ ಮಗ್ಗುಲು ಕಂಡರೆ ಬದುಕಿರುವ ತನಕ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಕಾರನ್ನು ಮನೆಯ ಗೋಡೆಗೇ ಒತ್ತಿ ನಿಲ್ಲಿಸಿ, ಹೆಂಡತಿಯನ್ನು ಬಲಗಡೆಯಿಂದ ಹಿಂದೆ ಹತ್ತಿಸಿದರು. ಮುಂದೇಕೆ ಬೇಡವೆಂದು ಪ್ರಮೀಳಾ ಕೇಳಿದ್ದಕ್ಕೆ, ಇನ್ನೂ ಪೂಜೆಯಾಗಿಲ್ಲ ಎಂಬ ಹೊಸ ಶಾಸ್ತ್ರವೊಂದು ಬಾಯಿಗೆ ಬಂತು.

ಜಗಳೂರಿನಲ್ಲೂ ಕಾರು ಕಾಂಪೌಂಡಿಗೆ ಅಂಟಿಕೊಂಡಿತು. ವಿನಯ್ ಬಲಗಡೆಯ ಬಾಗಿಲು ತೆಗೆದು ಹಾಕಿದ, ಟೈರು ಒದ್ದ, ಗಾಡಿ ಚಲೋ ಐತೆ ಎಂದು ಒಪ್ಪಿಕೊಂಡ. ಮುರುಗೇಶಪ್ಪ ಜಗತ್ತನ್ನು ಕ್ಷಮಿಸಿದರು.

ಅಷ್ಟರಲ್ಲಿ ಪ್ರಮೀಳಾ ಒಳಗೆ ಹೋಗಿ, ಗಾಡಿಗೆ ಪೂಜೆಯೇ ಆಗಿಲ್ಲವೆಂದು ತಾಯಿಯ ಕಿವಿಗೆ ಹಾಕಿದ್ದರು. ಅತ್ತೆ ಅನ್ನಪೂರ್ಣಮ್ಮ ಆರತಿ ತಟ್ಟೆಯೊಂದಿಗೆ ಬಂದರು. ಹೊಸ ಗಾಡಿಗೆ ಆರತಿಯೆಂದರೆ ಸುತ್ತು ಬರಬೇಕು.

"ಈಚೆ ತಗೊಳ್ರಿ ಗಾಡೀನ. ನಾನೇನು ಗೋಡೆಗೆ ಆರತಿ ಎತ್ತಲಾ?"

ಮುಂದಿನಿಂದ ಬೆಳಗಿದರೂ ಫಲ ಒಂದೇ ಎಂದು ಅಳಿಯ ವಾದಿಸಿದರು. ವಿನಯ್ ಕೀಲಿ ಇಸಿದುಕೊಂಡು ತಾನೇ ಕಾರು ಈಚೆ ತಂದ.

ಅನ್ನಪೂರ್ಣಮ್ಮ ಎಡಮಗ್ಗುಲಿಗೆ ಬಂದವರು ನಿಂತರು. ವಿನಯ್ ನೋಡಿದ, ಬಾಯಿ ತೆರೆದ. ಅತ್ತೆ ಕೈಯೆತ್ತಿ ಅವನನ್ನು ತಡೆದರು. ನೀಲಿ ಬಾಗಿಲನ್ನು ನೋಡಿದರು. ಆಮೇಲೆ ಅಳಿಯನನ್ನು, ಅಷ್ಟೇ ನಿಧಾನವಾಗಿ.

"ಸುಮ್ನಿರೋ ವಿನಯ. ಪ್ರಮೀಳಂಗೆ ಗಂಡು ನೋಡಾಕೆ ಹೋದಾಗ ನಾವೂ ಒಂದೇ ಮಗ್ಗುಲು ನೋಡಿ ಬಂದಿದ್ವಿ. ಹೆಂಗೋ ಓಡ್ತಾ ಐತಲ್ಲ."