ತಾನೇ ಮುಚ್ಚಿಕೊಳ್ಳುವ ಬಾಗಿಲು

ನನ್ನ ಭಯಗಳಲ್ಲಿ ಹೆಚ್ಚಿನವು ಬೇರೆಯವರು ಕೊಟ್ಟವು. ಹಲ್ಲಿಯ ಭಯ ಅಕ್ಕನದು, ಗುಡುಗಿನ ಭಯ ಮೈಂದರ್ಗಿಯ ಅಜ್ಜಿಯದು. ಬೆಂಕಿಯ ಭಯವನ್ನು ಕೊಟ್ಟವನು ನನ್ನ ಮೈದುನ. ಪುಣೆಯಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಅವನು ಅಕ್ಕಲಕೋಟೆಗೆ ಬಂದಾಗ, ನಮ್ಮ ಹಳೆಯ ಮನೆಯ ಅಟ್ಟವನ್ನು ಕೋಣೆ ಮಾಡಿಸಿದ್ದನ್ನು ನಾನು ಹೆಮ್ಮೆಯಿಂದ ತೋರಿಸಿದೆ. ಜೋಳದ ಚೀಲ, ಹರಿದ ಚಾದರಗಳಿದ್ದ ಕಡೆ ಈಗ ಮಂಚ, ಫ್ಯಾನು, ಸರಳು ಹಾಕಿದ ಕಿಟಕಿ. ಗಾಳಿ ಚೆನ್ನಾಗಿದೆಯೆಂದು ಅತ್ತೆಯವರು ಮಧ್ಯಾಹ್ನವೆಲ್ಲ ಅಲ್ಲೇ ಇರುತ್ತಿದ್ದರು.

ಅವನು ಗಾಳಿಯನ್ನು ಹೊಗಳಲಿಲ್ಲ. "ವೈನಿ, ಕೆಳಗ ಅಡಗಿಮನಿಗೆ ಬೆಂಕಿ ಹತ್ತಿದ್ರ ನೀವು ಹ್ಯಾಂಗ ಇಳೀತೀರಿ?" ಎಂದು ಕೇಳಿದ.

ನಮ್ಮ ಮರದ ಮೆಟ್ಟಿಲು ಅಡುಗೆಮನೆಯ ಎದುರಿನಿಂದಲೇ ಹತ್ತುತ್ತದೆ. ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಫ್ರಿಜ್ ಒಳಗೆ ತರುವಾಗ ಕಿತ್ತಿದ್ದನ್ನು ಯಾರೂ ಮತ್ತೆ ಕೂಡಿಸಿರಲಿಲ್ಲ. ಅವನು ಮರುದಿನ ಬಸ್ಸು ಹತ್ತಿ ಹೋದ, ಪ್ರಶ್ನೆ ಇಲ್ಲೇ ಉಳಿಯಿತು. ಒಗ್ಗರಣೆಯ ಹೊಗೆ ಮೆಟ್ಟಿಲಗುಂಟ ಮೇಲೇರುವುದನ್ನು ಕಂಡರೆ ಸಾಕು, ಗ್ಯಾಸ್ ಆರಿಸಲು ಓಡುತ್ತಿದ್ದೆ. ಕೊನೆಗೆ ನಾನೇ ಅವನಿಗೆ ಫೋನು ಮಾಡಿ, ಅಡುಗೆಮನೆಗೆ ಬೆಂಕಿ ತಡೆಯುವ ಬಾಗಿಲನ್ನು ತರಿಸಿಕೊಂಡೆ.

ಅದು ಟೆಂಪೋದಿಂದ ಇಳಿದಾಗ ಓಣಿಯವರು ತಿಜೋರಿಯೆಂದುಕೊಂಡರು. ಅಷ್ಟು ಭಾರ. ಚೌಕಟ್ಟಿನ ಸಂದಿಯಲ್ಲೊಂದು ಪಟ್ಟಿ. ಕಾವು ತಾಗಿದರೆ ಉಬ್ಬಿ ಸಂದಿ ಮುಚ್ಚುತ್ತದಂತೆ. ಮೇಲೊಂದು ಸ್ಪ್ರಿಂಗ್, ಬಾಗಿಲನ್ನು ತೆರೆದು ಬಿಟ್ಟರೆ ಅದು ತಾನೇ ಬಂದು ಮುಚ್ಚಿಕೊಳ್ಳುತ್ತಿತ್ತು, ಸಾಮಾನ್ಯವಾಗಿ ಅತ್ತೆಯವರ ಬೆನ್ನಿಗೆ ಬಡಿದು.

"ಇದೇನ ಮನಿಯೋ ಜೇಲೋ?" ಎಂದು ಅವರು ರುಬ್ಬುವ ಗುಂಡನ್ನು ಬಾಗಿಲಿಗೆ ಅಡ್ಡ ಇಡತೊಡಗಿದರು. ನಾನು ತೆಗೆಯುವುದು, ಅವರು ಇಡುವುದು.

ಒಂದು ಮಧ್ಯಾಹ್ನ ನಾವಿಬ್ಬರೂ ಮೇಲೆ ಮಲಗಿದ್ದೆವು. ನನ್ನ ಯಜಮಾನರು ಸೊಲ್ಲಾಪುರದಲ್ಲಿದ್ದರು. ವೋಲ್ಟೇಜು ಏರಿಳಿದು ಫ್ಯಾನು ಒಮ್ಮೆ ಹುಚ್ಚೆದ್ದು ತಿರುಗಿ ನಿಂತಿತು. ಕೆಳಗೆ ಏನೋ ಢಬ್ ಎಂದಿತು. ರಬ್ಬರು ಸುಟ್ಟ ನಾತ. ನನಗೆ ಮೊದಲು ನೆನಪಾದದ್ದು ಗ್ಯಾಸ್ ಸಿಲಿಂಡರ್, ಆಮೇಲೆ ಗುಂಡುಕಲ್ಲು. ಇವತ್ತು ಅದನ್ನು ತೆಗೆದಿದ್ದೆನೋ ಇಲ್ಲವೋ! ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಬಾಗಿಲು ತೆರೆದಿದ್ದರೆ ಮೆಟ್ಟಿಲೇ ಹೊಗೆಯ ಕೊಳವೆ. ಕಿಟಕಿಯ ಸರಳುಗಳನ್ನು ನಾನೇ ಮುಂದೆ ನಿಂತು ಗಟ್ಟಿಯಾಗಿ ಹಾಕಿಸಿದ್ದೆ. ಕೈಗೆ ಸಿಕ್ಕಿದ್ದನ್ನು ಅವುಚಿಕೊಂಡು ಮಂಚದ ಮೇಲೇ ಕೂತುಬಿಟ್ಟೆ.

"ಏಳವ್ವಾ, ನಡಿ," ಎಂದು ಅತ್ತೆಯವರು ನನ್ನ ರಟ್ಟೆ ಹಿಡಿದೆಳೆದರು.

"ಕಲ್ಲು... ಅತ್ಯಾ, ಕಲ್ಲು..."

"ನೀ ದಿನಾ ಒದರ್ತಿ ಅಂತ ಇವತ್ತ ನಾನ ತಗದೀನಿ. ನಡಿ ಮೊದಲ!"

ಬಾಗಿಲು ಮುಚ್ಚಿತ್ತು. ಮೆಟ್ಟಿಲ ಮೇಲೆ ತೆಳುವಾದ ಹೊಗೆಯಿತ್ತು, ಅಷ್ಟೇ. ಆದರೆ ಬಾಗಿಲ ಆಚೆ ಚಟಚಟ ಸದ್ದು. ಬೆಂಕಿಯ ಬಗ್ಗೆ ಓಣಿಗೆಲ್ಲ ಉಪದೇಶ ಮಾಡಿದ್ದ ನಾನು ಆಗ ಏನು ಮಾಡಿದೆ? ಒಳಗೆ ಏನಾಗಿದೆಯೆಂದು ನೋಡಲು ಚಿಲಕಕ್ಕೆ ಕೈ ಹಾಕಿದೆ. ಅತ್ತೆಯವರು ಕೈಮೇಲೆ ಫಟ್ಟನೆ ಹೊಡೆದರು. "ಹುಚ್ಚಿ ಏನ? ತಗೀಬ್ಯಾಡ!"

ನಾವು ಬೀದಿಗೆ ಬಂದೆವು. ಪಕ್ಕದ ಮನೆಯವರು ಹೊರಗಿನ ಮೇನ್ ಸ್ವಿಚ್ ಆರಿಸಿ ಅಗ್ನಿಶಾಮಕದವರನ್ನು ಕರೆದರು. ಅವರ ಗಾಡಿ ಓಣಿಯೊಳಗೆ ಹಿಡಿಸದೆ ಪೈಪು ಎಳೆದುಕೊಂಡು ಓಡಿಬಂದು, ಸಿಲಿಂಡರಿಗೆ ತಾಗುವ ಮುಂಚೆ ಬೆಂಕಿ ಆರಿಸಿದರು. ವೋಲ್ಟೇಜಿಗೆ ಸಿಡಿದ ಫ್ರಿಜ್ ಇದ್ದಿಲಾಗಿತ್ತು, ಗೋಡೆಗಳು ಕಪ್ಪಾಗಿದ್ದವು; ಮೆಟ್ಟಿಲು ಮಾತ್ರ ಹಾಗೇ ಇತ್ತು. ಅತ್ತೆಯವರು ಬಾಗಿಲನ್ನೊಮ್ಮೆ ಸವರಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ಬಂದವರಿಗೆಲ್ಲ ಅವರೇ ಬಾಗಿಲು ತೋರಿಸುತ್ತಾರೆ. "ನಮ್ಮ ಸೊಸಿ ಬಾಳ ಶ್ಯಾಣ್ಯಾಕಿ, ಮೊದಲ ವಿಚಾರ ಮಾಡಿ ಹಾಕಿಸ್ಯಾಳ," ಎಂದು ಹೊಗಳುತ್ತಾರೆ. ನಾನು ಉಬ್ಬಿ ನಿಂತಿರುವಾಗಲೇ ಮುಂದಿನ ಮಾತೂ ಬರುತ್ತದೆ: "ಬೆಂಕಿ ಹತ್ತಿದಾಗ ಇಕಿ ಮನ್ಯಾಗಿಂದ ಉಳಿಸಿ ಎತಗೊಂಡ ಬಂದದ್ದ ಏನ ಹೇಳ್ರಿ? ತಲಿದಿಂಬ!"