ಬುಧವಾರದ ಸಾಬೂನು

ತಪ್ಪು ಶಿಗೆಜೊನದಲ್ಲ, ಅವನ ಕೈಯದು. ಜೀವಮಾನವೆಲ್ಲ ಅಂಗಡಿಗಳಿಗೆ ಬೋರ್ಡು ಬರೆದ ಕೈ. ಯಜಮಾನನನ್ನು ಕೇಳದೆ ಬರೆದುಬಿಡುವ ಚಾಳಿ ಅದಕ್ಕೆ.

ಆ ಬಂದರು ಬೀದಿಯಲ್ಲಿ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಕಾಯಿಲೆಯವರೂ ಆಮೇಲೆ ಸಾಬೂನನ್ನೋ ಸಕ್ಕರೆಯನ್ನೋ ಮನೆಮನೆಗೆ ಕೊಟ್ಟು ಬರಬೇಕು, ಅದು ಕರಗಿದ ಹಾಗೆ ರೋಗವೂ ಕರಗಲಿ ಎಂದು. ಮೇಲೆ ಸುತ್ತುವ ಕಾಗದದಲ್ಲಿ ಎರಡರಲ್ಲಿ ಒಂದು ಮಾತಿರಬೇಕು: ವಾಸಿಯಾಗಿದ್ದರೆ ‘ಗುಣವಾದ ಸಂತೋಷಕ್ಕೆ’, ಆಗಿಲ್ಲದಿದ್ದರೆ ‘ನೋಡಲು ಬಂದ ಉಪಕಾರಕ್ಕೆ’.

ವಾಸಿಯಾದ ಮೇಲೆ ಕೊಟ್ಟರಾಯಿತು ಎಂದು ಶಿಗೆಜೊ ಎರಡು ವರ್ಷ ತಳ್ಳಿದ್ದ. ಆದರೆ ಮಲ್ಟಿಪಲ್ ಮೈಲೋಮಾ ಎಂಬ ಆ ಮೂಳೆಮಜ್ಜೆಯ ಕ್ಯಾನ್ಸರ್ ಬಂದು ಹೋಗುವ ನೆಂಟನಲ್ಲ, ಮನೆ ಅಳಿಯ. “ನಿಮ್ಮ ವಯಸ್ಸಿಗೆ ಮಜ್ಜೆ ಕಸಿ ಬೇಡ. ಇಂಜೆಕ್ಷನ್ನು, ಮಾತ್ರೆ ಕೆಲಸ ಮಾಡೋವರೆಗೂ ಹೀಗೇ ನಡೆಸ್ಕೊಂಡು ಹೋಗೋಣ,” ಎಂದಿದ್ದರು ಡಾಕ್ಟರು. ಪಕ್ಕದ ಮನೆಯ ವಿಧವೆ ಸಯೊಕೊ ಅದನ್ನು ಕೇಳಿ, “ಹಾಗಿದ್ರೆ ಉಪಕಾರಕ್ಕೆ ಅಂತ್ಲೇ ಬರೆದು ಕೊಟ್ಟುಬಿಡಿ ಶಿಗೆಜೊಸಾನ್. ಸಾಬೂನಿಗೆ ಕಾದೂ ಕಾದೂ ಬೀದಿಯೆಲ್ಲ ಕೊಳೆಯಾಗಿದೆ,” ಎಂದು ನಕ್ಕಿದ್ದಳು.

ಅಂದು ಬುಧವಾರ. ಮಧ್ಯಾಹ್ನ ಇಂಜೆಕ್ಷನ್ನು, ಬೆಳಿಗ್ಗೆ ಸ್ಟೀರಾಯ್ಡ್ ಮಾತ್ರೆ. ಆ ಮಾತ್ರೆ ಒಳಗೆ ಬಿದ್ದರೆ ಶಿಗೆಜೊನ ಮೈಯಲ್ಲಿ ಮದುವೆ ಮನೆಯ ಗಡಿಬಿಡಿ. ಬೆಕ್ಕಿಗೆ ಸ್ನಾನ ಮಾಡಿಸಿದ, ಬಾಗಿಲಿಗೆ ಬಣ್ಣ ಬಳಿದ, ಕಾಗದಗಳನ್ನೆಲ್ಲ ಬರೆದು ಸುತ್ತಿ ಸಾಬೂನಿನ ಪೆಟ್ಟಿಗೆಗಳನ್ನು ಮನೆಮನೆಯ ಹೊಸಿಲಲ್ಲಿಟ್ಟು ಬಂದ. ಆಮೇಲೆ ಬಿಸಿಲಲ್ಲಿ ಒರಗಿ ಕುಳಿತ. ನಿದ್ದೆ ಬಾರದು, ಎಚ್ಚರವೂ ಅಲ್ಲ. ತೆರೆದ ಕಣ್ಣಿನಲ್ಲೇ ಕನಸು. ಕನಸಿನಲ್ಲಿ ಆಸ್ಪತ್ರೆಯ ಬಸ್ಸು, ಕಿಟಕಿಯಾಚೆ ಸಮುದ್ರ, ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿರುವ ಸಯೊಕೊ. ಪ್ರತಿ ಬುಧವಾರ ಅವಳೇ ಜೊತೆಗೆ ಬರುತ್ತಿದ್ದಳು. ಆ ಬಸ್ಸಿನ ಹೊತ್ತಿಗೋಸ್ಕರ ಶಿಗೆಜೊ ಸೂಜಿಯನ್ನೂ ಪ್ರೀತಿಸತೊಡಗಿದ್ದ. ಅವಳಿಗೆ ಮಾತ್ರ ಹೇಳಿರಲಿಲ್ಲ.

“ಭೇಷ್! ಗೆದ್ದುಬಿಟ್ರಲ್ಲ!” ಎಂದು ಯಾರೋ ಬೆನ್ನಿಗೆ ಗುದ್ದಿದರು. ಒಮ್ಮೆ ಸೀನಿದ್ದಕ್ಕೇ ಬಿರುಕು ಬಿಟ್ಟಿದ್ದ ಬೆನ್ನುಮೂಳೆ ಅದು. ಗುದ್ದಿದವನು ಬೀದಿಯ ಸಂಘದ ಮುಖ್ಯಸ್ಥ ಒಗಾಕಿ, ಹೆಂಡತಿ ತೀರಿಕೊಂಡ ಮೇಲೆ ಕೂದಲಿಗೆ ಬಣ್ಣ ಹಾಕಲು ಶುರುಮಾಡಿದವನು.

“ಅಯ್ಯಯ್ಯೋ! ಏನ್ರೀ ಗೆದ್ದೆ ನಾನು?”

ಒಗಾಕಿ ಕಾಗದ ಹಿಡಿದು ತೋರಿಸಿದ. ‘ಗುಣವಾದ ಸಂತೋಷಕ್ಕೆ’. ಅಕ್ಷರ ಶಿಗೆಜೊನದೇ, ಮಿಠಾಯಿ ಅಂಗಡಿಯ ಬೋರ್ಡಿನ ಹಾಗೆ ದುಂಡಗೆ ಮುದ್ದಾಗಿತ್ತು. ಮನಸ್ಸಿನಲ್ಲಿದ್ದ ಆಸೆಯನ್ನು ಕೈ ಕದ್ದು ಬರೆದುಬಿಟ್ಟಿತ್ತು.

“ನಾಳೆಯಿಂದ ಕಾಗೆ ಕೆದಕದ ಹಾಗೆ ಕಸದ ಗುಡ್ಡೆ ಮೇಲೆ ಬಲೆ ಹೊದಿಸೋ ಸರದಿ ನಿಮ್ದು. ಭಾನುವಾರ ಚರಂಡಿ ತೊಳೆಯೋದು. ಹಾಂ, ಸಯೊಕೊಸಾನ್‌ಗೂ ಬುಧವಾರ ಬಿಡುವಾಯ್ತು. ನಮ್ಮ ಹಾಡಿನ ಕೂಟಕ್ಕೆ ಇವತ್ತೇ ಕರ್ಕೊಂಡು ಹೋಗ್ತೀನಿ. ಏನು ಕಂಠ ರೀ ಅವರ್ದು!”

ಶಿಗೆಜೊ ಧಡಕ್ಕನೆ ಎದ್ದ. ಚರಂಡಿ ಹಾಳಾಗಲಿ, ಬುಧವಾರ ಹೋಯಿತಲ್ಲ! “ನಂಗೆ ಗುಣ ಆಗಿಲ್ಲ ಮಾರಾಯ್ರೆ!”

“ನೋಡ್ರಪ್ಪಾ, ಎಂಥಾ ವಿನಯ!” ಎಂದು ಒಗಾಕಿ ಕೈಮುಗಿದು ಹೊರಟ.

ಅದೇ ಆ ಬೀದಿಯ ಕೇಡು. ಅಲ್ಲಿ ಹಬ್ಬದಡಿಗೆ ಬಡಿಸಿದವಳು ‘ತಿನ್ನೋಕೆ ಏನೂ ಇಲ್ಲ’ ಎನ್ನಬೇಕು, ಹೊಗಳಿಸಿಕೊಂಡವನು ‘ಛೆ ಛೆ, ನಾನೆಲ್ಲಿ’ ಎನ್ನಬೇಕು. ಶಿಗೆಜೊ ಮನೆಮನೆಗೂ ಓಡಿ ಇಲ್ಲ ಇಲ್ಲ ಎಂದಷ್ಟೂ ಜನ ಹೌದು ಹೌದು ಎಂದು ತಲೆದೂಗಿದರು. ಮೀನಿನಂಗಡಿಯ ಇಸೊಬೆಯಮ್ಮ ಶುಭಕ್ಕೆಂದು ಕೆಂಪು ಮೀನನ್ನು ಹಸಿಯಾಗಿಯೇ ತೆಳ್ಳಗೆ ಕತ್ತರಿಸಿ ತಂದಳು.

“ಹಸೀದು ತಿನ್ನೋ ಹಾಗಿಲ್ಲ ಇಸೊಬೆಯಮ್ಮ, ಡಾಕ್ಟರು ಬೈತಾರೆ.”

“ನಂಗೊತ್ತಿಲ್ವಾ ನಿಮ್ಮ ಸಂಕೋಚ! ಸುಮ್ನೆ ತಿನ್ನಿ.”

ಬಾಯಲ್ಲಿ ನೀರು, ಕಣ್ಣಲ್ಲೂ ನೀರು. ಮೀನು ಬೆಕ್ಕಿನ ಪಾಲಾಯಿತು. ಶಿಗೆಜೊ ಬಸ್ ಸ್ಟಾಪಿಗೆ ಓಡಿದ.

ಸಯೊಕೊ ಅಲ್ಲೇ ಇದ್ದಳು, ಕೈಯಲ್ಲಿ ಕಿತ್ತಳೆಯ ಚೀಲ. ಪಕ್ಕದಲ್ಲಿ ಒಗಾಕಿ, ಹಾಡಿನ ಕೂಟಕ್ಕೆ ಎಳೆಯುತ್ತಾ.

“ಸಯೊಕೊಸಾನ್, ಅದು ಸುಳ್ಳು,” ಶಿಗೆಜೊ ಏದುಸಿರು ಬಿಟ್ಟ. “ನನ್ನ ಕೈ ಬರೆದ ಸುಳ್ಳು. ನಂಗೆ ಗುಣ ಆಗಿಲ್ಲ, ಆಗೋದೂ ಇಲ್ಲ. ನೀವು ಬರದಿದ್ರೆ ನಂಗೆ ಈ ಬುಧವಾರನೇ ಬೇಡ.”

“ಡಾಕ್ಟರ ಎದುರು ನಿಮ್ಮ ಪಕ್ಕ ಕೂತಿರೋದು ನಾನಲ್ವಾ? ನಂಗೊತ್ತಿಲ್ವಾ?” ಎಂದು ಸಯೊಕೊ ಒಗಾಕಿಯ ಕಡೆ ತಿರುಗಿದಳು. “ಮುಖ್ಯಸ್ಥರೇ, ಇವರಿಗೆ ವಾಸಿಯಾಗಿಲ್ಲ. ಸುಮ್ನೆ ಬಿಡಿ ಇವರನ್ನ.”

ಒಗಾಕಿಯ ಮುಖ ಬಿಳಿಚಿತು. ಇನ್ನೊಬ್ಬರ ಪರವಾಗಿ ಯಾರೂ ವಿನಯ ತೋರಿಸುವುದಿಲ್ಲವಲ್ಲ, ನಂಬಲೇಬೇಕಾಯಿತು.

ಬಸ್ಸು ಕಡಲಂಚಿನಲ್ಲಿ ತೂಗುತ್ತಾ ಸಾಗಿತು. ಕಿತ್ತಳೆಯ ಘಮ, ನೀರಿನ ಮೇಲೆ ಬೆಳಕು. ಸಯೊಕೊ ಅವನ ಹೆಗಲಿಗೆ ತಲೆಯಾನಿಸಿ ತೂಕಡಿಸಿದಳು. ಆಸ್ಪತ್ರೆ ಇನ್ನೂ ದೂರವಿರಬಾರದಿತ್ತೇ ಎನ್ನಿಸಿತು ಶಿಗೆಜೊನಿಗೆ. ಅವನು ಅಷ್ಟು ಸುಖವಾಗಿ ಎಂದೂ ಇಂಜೆಕ್ಷನ್ ಚುಚ್ಚಿಸಿಕೊಂಡಿರಲಿಲ್ಲ.

ಸಂಜೆ ಬಸ್ಸಿಳಿದಾಗ ಇಡೀ ಬೀದಿ ಸ್ಟಾಪಿನಲ್ಲಿ ತಲೆತಗ್ಗಿಸಿ ನಿಂತಿತ್ತು.

“ತಪ್ಪಾಯ್ತು ಶಿಗೆಜೊಸಾನ್,” ಎಂದ ಒಗಾಕಿ. “ನಿಮ್ಮ ಕಷ್ಟ ನಮಗೆ ಗೊತ್ತಾಗ್ಲಿಲ್ಲ. ಸಯೊಕೊಸಾನ್ ಒಬ್ರೇ ಎಷ್ಟು ಅಂತ ಒದ್ದಾಡ್ತಾರೆ? ಇನ್ಮೇಲೆ ಬುಧವಾರಕ್ಕೆ ಬೀದಿಯೆಲ್ಲ ಸರದಿ. ಮುಂದಿನ ವಾರ ನಾನು, ಆಮೇಲೆ ಇಸೊಬೆಯಮ್ಮ, ಆಮೇಲೆ ಕ್ಷೌರದಂಗಡಿಯವರು... ಸಯೊಕೊಸಾನ್ ಸರದಿ ಕಟ್ಟಕಡೇಲಿ. ಅಲ್ಲೀವರೆಗೆ ಅವರು ಆರಾಮಾಗಿ ಹಾಡ್ಲಿ.”

ಸಯೊಕೊ ಏನೋ ಹೇಳಲು ಬಾಯಿ ತೆರೆದಳು. ಇಡೀ ಬೀದಿ ನಡುಬಗ್ಗಿಸಿ ನಮಸ್ಕರಿಸಿತು. ಹಾಗೆ ಬಾಗಿ ನಿಂತವರಿಗೆ ಬೇಡ ಎನ್ನುವ ಪದ್ಧತಿ ಅಲ್ಲಿಲ್ಲ.

“ಬೇಡ ಬೇಡ, ಸರದಿ ಬೇಡ!” ಎಂದು ಶಿಗೆಜೊ ಕೂಗಿದ.

“ಎಂಥಾ ವಿನಯ!” ಎಂದಿತು ಬೀದಿ.

ಶಿಗೆಜೊ ಮನೆಗೆ ಹೋದ. ಬೆಳಗಿನ ಮಾತ್ರೆ ಇನ್ನೂ ಮೈಯಲ್ಲಿ ಗುಂಯ್ ಎನ್ನುತ್ತಿತ್ತು. ಮಸಿ ತೆಗೆದ, ಹೊಸ ಕಾಗದ ಹಾಸಿದ, ಕೈಯನ್ನು ಒಮ್ಮೆ ದಿಟ್ಟಿಸಿ ನೋಡಿದ. ಗುಣವಾದವನಿಗೆ ಬೀದಿಯ ಸರದಿ ಬೇಕಿಲ್ಲ, ನಿಜ ಗೊತ್ತಿರುವ ಸಯೊಕೊ ಹೇಗೂ ಬರುತ್ತಾಳೆ. ಈ ಸಲ ಕೈಯ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ. ತಾನೇ, ಬುದ್ಧಿಪೂರ್ವಕವಾಗಿ, ದುಂಡಗೆ ಬರೆಯತೊಡಗಿದ: ‘ಗುಣವಾದ ಸಂತೋಷಕ್ಕೆ’.