ರುದ್ರೇಶನ ಸೈಕಲ್ಲಿಗೊಂದು ಜಾಗ

ನಂಜನಗೂಡಿನ ಬಜಾರ್ ರಸ್ತೆಯಲ್ಲಿ ಆ ಬೆಳಿಗ್ಗೆ ಎದ್ದ ಸದ್ದಿಗೆ ಮರದ ಮೇಲಿನ ಕಾಗೆಗಳೆಲ್ಲ ಒಟ್ಟಿಗೆ ಹಾರಿಹೋದವು. ರುದ್ರೇಶ ಗೋಡೆಗೆ ಒರಗಿಸಿದ್ದ ಸೈಕಲ್ಲು ಮೆಲ್ಲಗೆ ಜಾರಿ, ಬಸವೇಶ್ ಅವರ ಪಾತ್ರೆ ಅಂಗಡಿಯ ಮುಂದೆ ಗೋಪುರದಂತೆ ಪೇರಿಸಿಟ್ಟಿದ್ದ ಸ್ಟೀಲ್ ಬಿಂದಿಗೆಗಳ ಮೇಲೆ ಬಿದ್ದಿತ್ತು. ಎದುರಿನ ಸಲೂನಿನಲ್ಲಿ ಚಿಕ್ಕಮಾದು ಬೆಚ್ಚಿದ. ಅವನ ಕೈಯ ರೇಜರು ಗಿರಾಕಿಯ ಎಡಮೀಸೆಯನ್ನು ಅರ್ಧಕ್ಕೆ ತಂದು ನಿಲ್ಲಿಸಿತು. ಕೊನೆಯ ಬಿಂದಿಗೆ ಉರುಳುತ್ತ ಉರುಳುತ್ತ ಹೋಗಿ ಮುತ್ತಮ್ಮನ ಹೂವಿನ ಬುಟ್ಟಿಗೆ ಗುದ್ದಿ, ದಣಿದವರಂತೆ ಸುಮ್ಮನಾಯಿತು.

ರುದ್ರೇಶ ಅದೇ ಪಾತ್ರೆ ಅಂಗಡಿಯ ಬಹುಕಾಲದ ಸೇಲ್ಸ್‌ಮನ್. ಗಿರಾಕಿ ಜೋರಾಗಿ ಮಾತಾಡಿದರೆ ಪಾತ್ರೆಯನ್ನು ತಾನೇ ಕೊಳ್ಳಬೇಕೇನೋ ಎಂದು ಹೆದರುವಷ್ಟು ಮೆದು ಮನುಷ್ಯ.

"ನೋಡು ರುದ್ರೇಶ, ಇನ್ಮೇಲೆ ನಿನ್ನ ಸೈಕಲ್ಲು ಅಂಗಡಿ ಮುಂದೆ ಕಾಣಬಾರದು," ಎಂದರು ಬಸವೇಶ್, ನೆಗ್ಗಿದ ಬಿಂದಿಗೆಯನ್ನು ಮಗುವಿನಂತೆ ಎತ್ತಿಕೊಂಡು. "ನಡ್ಕೊಂಡು ಬಾ, ಇಲ್ಲಾ ಹಾರ್ಕೊಂಡು ಬಾ. ನಂಗೆ ಗೊತ್ತಿಲ್ಲ."

"ಎಲ್ಲಿ ನಿಲ್ಲಿಸ್ಲಿ ಸಾ? ಈ ಬೀದೀಲಿ ಕಾರಿಗೆ ಜಾಗ ಐತೆ, ಸ್ಕೂಟರ್ಗೆ ಜಾಗ ಐತೆ. ಸೈಕಲ್ಗೇ ಇಲ್ಲ."

"ಅದನ್ನ ಸೈಕಲ್ಲನ್ನೇ ಕೇಳು!"

ರುದ್ರೇಶ ಸೈಕಲ್ಲನ್ನು ತಳ್ಳಿಕೊಂಡು ಹೊರಟ. ಮುತ್ತಮ್ಮನ ಪಕ್ಕದಲ್ಲಿ ಒಂದಿಷ್ಟು ಜಾಗವಿತ್ತು. ಆದರೆ ಅಲ್ಲಿ ನಿಲ್ಲಿಸುವಾಗ ಮಲ್ಲಿಗೆಯ ಮಾಲೆಯೊಂದು ಹ್ಯಾಂಡಲ್ಲಿಗೆ ಸಿಕ್ಕಿಕೊಂಡು ಬುಟ್ಟಿಯಿಂದ ಉದ್ದಕ್ಕೆ ಎಳೆದುಕೊಂಡು ಬಂತು.

"ಅಯ್ ಅಯ್, ಸೈಕಲ್ಗೆ ಊವು ಮುಡ್ಸಾಕೆ ಬಂದ್ಯೇನಪ್ಪ?" ಎಂದು ಮುತ್ತಮ್ಮ ಕೂಗಿದಳು. "ಓಗ್, ಆ ಕಡೀಕೋಗ್."

ಸಲೂನಿನ ಮುಂದೆ ನಿಲ್ಲಿಸೋಣವೆಂದರೆ, ಒಳಗಿನಿಂದ ಒಂದೂವರೆ ಮೀಸೆಯ ಗಿರಾಕಿ ಅವನನ್ನೇ ದುರುಗುಟ್ಟಿ ನೋಡುತ್ತಿದ್ದ. "ಅಣ್ಣೋ, ಈವತ್ತೊಂದಿನ ಬ್ಯಾಡ ಕಣಣ್ಣ, ಇವ್ರು ಇನ್ನೂ ತಣ್ಣಗಾಗಿಲ್ಲ," ಎಂದು ಚಿಕ್ಕಮಾದು ಪಿಸುಗುಟ್ಟಿದ.

ಕೊನೆಗೆ ರಸ್ತೆಯ ತುದಿಯ ಬಾಳೆಹಣ್ಣಿನ ಮಂಡಿಯ ಬಳಿ, ರಾಶಿ ಹಾಕಿದ್ದ ಗೊನೆಗಳ ಪಕ್ಕದಲ್ಲಿ ಸೈಕಲ್ಲನ್ನು ಒರಗಿಸಿ, ಬೀಗ ಹಾಕಿ, ಬಾಳೆ ಎಲೆಯೊಂದನ್ನು ಸೀಟಿನ ಮೇಲೆ ಬಿಸಿಲಿಗೆ ಮರೆಯಾಗಿ ಹೊದಿಸಿ ರುದ್ರೇಶ ಅಂಗಡಿಗೆ ಮರಳಿದ.

ಮಧ್ಯಾಹ್ನ ಊಟ ಮುಗಿಸಿ ನೋಡಲು ಹೋದರೆ ಗೊನೆಗಳೂ ಇಲ್ಲ, ಸೈಕಲ್ಲೂ ಇಲ್ಲ. ಎಲೆಯೊಂದು ಮಾತ್ರ ಬಿದ್ದಿತ್ತು.

ರುದ್ರೇಶ ಮಂಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಬೀದಿಯ ಜನವೆಲ್ಲ ಸೇರಿತು. ಸ್ಟೇಷನ್ನಿಗೆ ಹೋಗು ಎಂದರು ಕೆಲವರು, ನದಿ ಹತ್ತಿರ ಹುಡುಕು ಎಂದರು ಇನ್ನು ಕೆಲವರು. ಚಿಕ್ಕಮಾದು ಸಮಾಧಾನ ಮಾಡಿದ: "ಆ ಸೈಕಲ್ನ ಯಾರಣ್ಣ ಕದೀತಾರೆ? ಕದ್ದಿದ್ರೂ ಒಂದ್ಸಲ ತುಳಿದ್ ನೋಡಿ ವಾಪಸ್ ತಂದ್ ಬುಡ್ತಾರೆ."

ಆಗಲೇ ರುದ್ರೇಶನ ಕಣ್ಣಲ್ಲಿ ನೀರು ಬಂದದ್ದು. ಅಂಗಡಿ ಬಿಟ್ಟು ಓಡಿ ಬಂದ ಬಸವೇಶ್ ಗಲಿಬಿಲಿಗೊಂಡರು.

"ಏನಯ್ಯ ಇದು, ಒಂದು ಹಳೇ ಸೈಕಲ್ಗೆ!"

"ಸೈಕಲ್ಗಲ್ಲ ಸಾ. ಬೆಳಿಗ್ಗೆ ನದಿ ಪಕ್ಕದಲ್ಲಿ ಬತ್ತೀನಲ್ಲ, ಆಗ ತಣ್ಣಗೆ ಗಾಳಿ ಬೀಸ್ತದೆ. ಮನೇಲಿ ಒಂದು ಕೆಲಸ, ಇಲ್ಲೊಂದು ಕೆಲಸ. ನಡುವೆ ಅಷ್ಟೊತ್ತು ಮಾತ್ರ ನಂಗೆ ಯಾರೂ ಏನೂ ಹೇಳಾಕಿಲ್ಲ."

ಬೆಳಿಗ್ಗೆ 'ಸೈಕಲ್ಲು ಕಾಣಬಾರದು' ಅಂದವರು ತಾವೇ ಎಂಬುದು ಬಸವೇಶ್ ಅವರಿಗೆ ಚೆನ್ನಾಗಿ ನೆನಪಿತ್ತು.

ಅಷ್ಟರಲ್ಲಿ ಮಂಡಿಯ ಫೋನು ಹೊಡೆದುಕೊಂಡಿತು. ಟಿ. ನರಸೀಪುರದಿಂದ ಗೂಡ್ಸ್ ಆಟೋದ ಕೆಂಪಯ್ಯ. ಎಲ್ಲರಿಗೂ ಕೇಳುವಂತೆ ಮಂಡಿಯವರು ಸ್ಪೀಕರ್ ಹಾಕಿದರು.

"ಯಾರ್ದೋ ಸೈಕಲ್ಲು ಗೊನೆ ಜೊತೆ ಬಂದ್ಬುಟ್ಟದೆ ಕಣಣ್ಣ. ಎಲೆ ಮುಚ್ಚಿತ್ತಲ್ಲ, ಲೋಡ್ ಮಾಡೋರು ಇದೂ ಓಗ್ಬೇಕೇನೋ ಅಂತ ಎತ್ತಿ ಮ್ಯಾಲಿಟ್ಟವ್ರೆ. ಇಲ್ಲಿ ಮಂಡಿಯೋರು ಇಳಿಸ್ಕಳಾಕೆ ಒಪ್ತಿಲ್ಲ, ಇದು ಬಾಳೆ ಅಣ್ಣಲ್ಲ ಅಂತವ್ರೆ!"

ಇಡೀ ಬೀದಿ ನಕ್ಕಿತು. ರುದ್ರೇಶ ನಗುತ್ತಲೇ ಇನ್ನಷ್ಟು ಅತ್ತ.

"ಸಂಜೆ ತಂದ್ಬುಡು ಕೆಂಪಯ್ಯ," ಎಂದು ಕೂಗಿ ಹೇಳಿ ಬಸವೇಶ್ ಪಂಚೆ ಎತ್ತಿ ಕಟ್ಟಿದರು. "ಬನ್ರಯ್ಯ. ಅದು ಬರೋ ಹೊತ್ಗೆ ಅದ್ಕೊಂದು ಜಾಗ ಆಗಿರಬೇಕು."

ಅವರ ಗೋದಾಮಿನ ಪಕ್ಕದಲ್ಲಿ, ಬೀದಿಯ ಕಸವೆಲ್ಲ ಬಂದು ಬೀಳುತ್ತಿದ್ದ ಒಂದು ಸಂದು ಇತ್ತು. ಮುತ್ತಮ್ಮ ಪೊರಕೆ ತಂದಳು. ಚಿಕ್ಕಮಾದು ಮುಳ್ಳುಗಿಡ ಕಿತ್ತ. ಗೋದಾಮಿನೊಳಗೆ, ಮದುವೆ ಮನೆಯ ದೊಡ್ಡ ಪರಾತ ತಟ್ಟೆಗಳನ್ನು ಸಾಲಾಗಿ ನಿಲ್ಲಿಸಲು ಹಿಂದೆಂದೋ ಮಾಡಿಸಿದ್ದ ಉದ್ದನೆಯ ಕಬ್ಬಿಣದ ಸ್ಟ್ಯಾಂಡ್ ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ಹೊರಗೆಳೆದು ನೆಲಕ್ಕೆ ಬಿಗಿದರು.

"ಪರಾತ ನಿಲ್ತದೆ ಅಂದ್ಮೇಲೆ ಚಕ್ರ ನಿಲ್ಲಲ್ವಾ?" ಎಂದರು ಬಸವೇಶ್. ಪರೀಕ್ಷೆಗೆ ಮೊದಲ ಸೈಕಲ್ಲು ಕೊಟ್ಟವನು ಬೆಳಗಿನ ಗಿರಾಕಿ. ಈಗ ಅವನಿಗೆ ಎರಡೂ ಕಡೆ ಮೀಸೆ ಇರಲಿಲ್ಲ, ಹಾಗಾಗಿ ಕೋಪವೂ ಇರಲಿಲ್ಲ. ಚಕ್ರ ಅಚ್ಚುಕಟ್ಟಾಗಿ ಕೂತಿತು. ಸುದ್ದಿ ಹಬ್ಬಿತು. ಹಾಲಿನವನು ಬಂದ, ಟೈಲರು ಬಂದ, ಗೋಡೆಗೆ ಕಂಬಕ್ಕೆ ಒರಗಿದ್ದ ಸೈಕಲ್ಲುಗಳೆಲ್ಲ ಒಂದೊಂದಾಗಿ ಬಂದು ಶಾಲೆಯ ಮಕ್ಕಳಂತೆ ಸಾಲು ನಿಂತವು. ಕೊನೆಯ ಜಾಗವನ್ನು ಮುತ್ತಮ್ಮ ತನ್ನ ಬುಟ್ಟಿ ಇಟ್ಟು ರುದ್ರೇಶನಿಗೆಂದು ಕಾದಿರಿಸಿದಳು.

"ಇದರ ಉಸ್ತುವಾರಿ ಎಲ್ಲಾ ನಿಂದೇ," ಎಂದರು ಬಸವೇಶ್. ರುದ್ರೇಶನ ಎದೆ ಆಗ ತಾನೇ ಗಾಳಿ ತುಂಬಿಸಿದ ಟ್ಯೂಬಿನಂತೆ ಉಬ್ಬಿತು.

ಸಂಜೆ ಕೆಂಪಯ್ಯ ಸೈಕಲ್ಲನ್ನು ತಂದು ಇಳಿಸಿದ. ರುದ್ರೇಶ ಅದನ್ನು ಒರೆಸಿ, ತನ್ನ ಜಾಗದಲ್ಲಿ ನಿಲ್ಲಿಸಿದ. ಎಲ್ಲರೂ ಒಬ್ಬೊಬ್ಬರಾಗಿ ತಳ್ಳಿ ನೋಡಿದರು. ಬೀಳಲಿಲ್ಲ.

ಆ ಹೊತ್ತಿಗೇ ಅವನ ಹೆಂಡತಿ ಸರ್ವಮಂಗಳಾ ಏದುಸಿರು ಬಿಡುತ್ತ ಬಂದಳು. ಅವಳು ಅದೇ ಬೀದಿಯ ರೇಷ್ಮೆ ಅಂಗಡಿಗೆ ಸೀರೆ ಸೆರಗಿಗೆ ಕುಚ್ಚು ಕಟ್ಟಿಕೊಡುತ್ತಿದ್ದಳು. ಕಂಕುಳಲ್ಲಿ, ಮನೆಗೆ ಒಯ್ದು ಕುಚ್ಚು ಕಟ್ಟಬೇಕಿದ್ದ ಸೀರೆಗಳ ಗಂಟು.

"ರೀ, ಬಜಾರಲ್ಲಿ ಅಳ್ತಾ ಕೂತವ್ರೆ ಅಂದ್ರು. ಏನಾಯ್ತು?"

"ಏನಿಲ್ಲ, ಇಲ್ನೋಡು!" ಎಂದು ರುದ್ರೇಶ ಸ್ಟ್ಯಾಂಡನ್ನು ತೋರಿಸಿದ. ಕಥೆಯನ್ನೆಲ್ಲ ಹೇಳಿದ.

ಅವಳು ಸುತ್ತ ಬಂದು ನೋಡಿದಳು. ತಾನೂ ಒಮ್ಮೆ ತಳ್ಳಿದಳು.

"ಯಾರೂ ಬೀಳಿಸಲ್ವಾ?"

"ಆಗೋದೇ ಇಲ್ಲ."

"ದಿನಾ ಜಾಗ ಇರ್ತದಾ?"

"ನಾನೇ ಉಸ್ತುವಾರಿ ಕಣೇ!"

"ಹಂಗಾದ್ರೆ ಸರಿ," ಎಂದಳು ಸರ್ವಮಂಗಳಾ. "ನಾಳೆಯಿಂದ ಸೈಕಲ್ಲು ನಂಗಿರ್ಲಿ. ನೀವು ಬೆಳಿಗ್ಗೆ ತಂಪಲ್ಲಿ ಬರ್ತೀರಿ, ನಡೀಬೌದು. ನಾನು ಈ ಗಂಟು ಹೊತ್ಕೊಂಡು ಉರಿಬಿಸಿಲಲ್ಲಿ ಬರ್ತೀನಿ."

ರುದ್ರೇಶ ಬಾಯಿ ತೆರೆದ. "ನಿಂಗೆ ಸೈಕಲ್ಲು ಬತ್ತದಾ?"

"ಬನ್ನೂರಲ್ಲಿ ನಾಲೆ ಏರಿ ಮೇಲೆ ಎರಡೂ ಕೈ ಬಿಟ್ಟು ಓಡಿಸ್ತಿದ್ದೆ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಹೇಳಿದ್ರೂ ತಂದು ಎಲ್ಲಿ ನಿಲ್ಲಿಸ್ಬೇಕಿತ್ತು, ನಿಮ್ಮ ಬಿಂದಿಗೆ ಮೇಲಾ?"

ಮುತ್ತಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ರುದ್ರೇಶನ ಕಣ್ಣು ಹೆಂಡತಿಯ ಹಿಮ್ಮಡಿ ಸವೆದ ಚಪ್ಪಲಿಯ ಮೇಲೆ ಬಿತ್ತು. ಅವನು ಗಾಳಿ ಕುಡಿಯುತ್ತ ಹೋದ ದಾರಿಯಲ್ಲೇ, ಬಿಸಿಲೇರಿದ ಮೇಲೆ, ಅವಳು ಇಷ್ಟು ದಿನ ನಡೆದಿದ್ದಳು. ಅವನು ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟ.

ಸರ್ವಮಂಗಳಾ ಗಂಟನ್ನು ಹಿಂದೆ ಕಟ್ಟಿ ಹತ್ತಿದಳು. ಒಂದೆರಡು ಸಲ ತೂಗಾಡಿ, ನೆಟ್ಟಗಾಗಿ, ಬಜಾರಿನ ತಿರುವು ದಾಟಿ ಮರೆಯಾದಳು. ರುದ್ರೇಶ ಅಲ್ಲೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಬರುವುದು ಕಂಡಿತು. ಹಿಂದೆ ಕೂರಿಸಿಕೊಳ್ಳಲು ಬಂದಳೆಂದು ಅವನ ಮುಖ ಅರಳಿತು. ಪ್ಯಾಂಟಿನ ಕಾಲನ್ನೂ ಮಡಚಿಕೊಂಡ.

ಅವಳು ಒಂದು ಕಾಲು ಊರಿ ನಿಂತಳು. ಮುಖದ ಮೇಲೆ ಬೆವರು, ಕಣ್ಣಲ್ಲಿ ಬನ್ನೂರಿನ ಹುಡುಗಿ.

"ರೀ, ಈ ಗಂಟು ನೀವೇ ತಗೊಂಡ್ ಬನ್ನಿ. ಇದಿದ್ರೆ ಜೋರಾಗಿ ಹೋಗಕ್ಕಾಗಲ್ಲ. ನಾನು ನದಿ ಕಡೆಯಿಂದ ಸುತ್ಕೊಂಡು ಬತ್ತೀನಿ."

ರುದ್ರೇಶ ಗಂಟನ್ನು ತಲೆಯ ಮೇಲೆ ಹೊತ್ತು ಮನೆಯ ಕಡೆ ನಡೆದ.